ಕಾಯುವ ಒಲೆ

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿರುವುದು ಎಲ್ಲರಿಗೂ ತಿಳಿದುದೇ. ಬಿಸಿಯಾಗುವುದೂ ಕಾಯುವುದೇ, ದಾರಿ ನೋಡುತ್ತ ಕೂಡ್ರುವುದೂ ಕಾಯುವುದೇ. ಇವೆರಡೂ ಬೇರೆ ಬೇರೆ ಧಾತುಗಳೆಂದು ತರಗತಿಯಲ್ಲಿ ನಾನು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆದರೆ ಈ ಎರಡು ಅರ್ಥಗಳೂ ಬಹುಕಾಲ ಒಂದೇ ಒಲೆಯ ಮುಂದೆ ಕುಳಿತಿದ್ದುವೆಂಬುದು, ಹಿಂಡಲಗಾದ ನಮ್ಮ ಮನೆಯಲ್ಲಿ ಈಚೆಗೆ ನಡೆದ ಒಂದು ಸಣ್ಣ ಸಂಗತಿಯಿಂದ ನನ್ನ ಗಮನಕ್ಕೆ ಬಂದಿತು.

ನನ್ನ ಹೆಂಡತಿಯೂ ಶಾಲೆಯೊಂದರಲ್ಲಿ ಕಲಿಸುವವಳು. ಅವಳು ವಿದ್ಯುತ್ತಿನಿಂದ ನಡೆಯುವ ‘ಸ್ಲೋ ಕುಕರ್’ ಒಂದನ್ನು ಕೊಂಡು ತಂದಳು. ಗಾಜಿನ ಮುಚ್ಚಳ, ಒಳಗೆ ದಪ್ಪನಾದ ಪಿಂಗಾಣಿಯ ಪಾತ್ರೆ, ಅದನ್ನು ಸುತ್ತುವರಿದ ಬಿಸಿತಂತಿ. ಇಷ್ಟೇ ಅದರ ವೈಭವ. ಮುಂಜಾನೆ ಎಂಟಕ್ಕೆ ಒಂದು ಕಿಲೋ ಕೋಳಿಯ ತೊಡೆಯ ತುಂಡುಗಳನ್ನು ಉಪ್ಪು, ಅರಿಸಿನ, ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ ಮತ್ತು ಒಂದು ಲೋಟ ನೀರಿನೊಡನೆ ಅದರಲ್ಲಿಟ್ಟು, ಸಣ್ಣ ಕಾವಿಗೆ ತಿರುಗಿಸಿ ಅವಳು ಹೊರಟುಬಿಡುವಳು. ಎರಡು ಗಂಟೆಗೆ ಮರಳಿದಾಗ ಮಾಂಸವು ಎಲುಬನ್ನು ತಾನಾಗಿಯೇ ಬಿಟ್ಟಿರುತ್ತದೆ. ಎರಡು ಮುಳ್ಳುಚಮಚಗಳಿಂದ ಎಳೆ ಎಳೆಯಾಗಿ ಬಿಡಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದ ಚಿಂತೆ ನೀಗಿತು. ಒಂದು ದಿನ ಹಸಿಮೆಣಸಿನಕಾಯಿಯೊಡನೆ ಹುರಿದು ರೊಟ್ಟಿಗೆ. ಮರುದಿನ ಅದೇ ರಸಕ್ಕೆ ಖಾರ ಕೂಡಿಸಿ ಅನ್ನಕ್ಕೆ ಸಾರು. ಮೂರನೆಯ ದಿನ ಚಪಾತಿಯಲ್ಲಿ ಸುತ್ತಿ ಮಕ್ಕಳ ಡಬ್ಬಿಗೆ.

ಮೊದಲ ದಿನ ನಮ್ಮ ಅವ್ವ ಅದರ ಮುಂದೆ ಮಣೆ ಹಾಕಿಕೊಂಡು ಕುಳಿತುಬಿಟ್ಟಳು. “ಬೆಂಕಿ ಕಾಣಂಗಿಲ್ಲ, ಹೊಗಿ ಇಲ್ಲ. ಇದು ಹೆಂಗ ಕುದಿತೈತಿ?” ಎಂಬುದು ಅವಳ ಶಂಕೆ. ತಾಸಿಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಿದ್ದರಿಂದ ಕಾವೆಲ್ಲ ಹಾರಿಹೋಗಿ, ಅಂದಿನ ಕೋಳಿ ಸಂಜೆಯವರೆಗೂ ಬೇಯಲಿಲ್ಲ.

ಅವ್ವನದು ಅಜ್ಞಾನವೆಂದು ನಾವು ನಗಬಹುದು. ಆದರೆ ಸಾವಕಾಶದ ಬೇಯಿಸುವಿಕೆ ಅವಳಿಗೆ ಹೊಸದೇನೂ ಅಲ್ಲ. ನಾನು ಹುಡುಗನಾಗಿದ್ದಾಗ ಖಾನಾಪುರದ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಕಟ್ಟಿಗೆಯ ಒಲೆಯಿತ್ತು. ಅದರ ಮಗ್ಗುಲಲ್ಲಿ ಕೋಡೊಲೆ. ಮುಖ್ಯ ಒಲೆಯ ಉರಿಯಲ್ಲಿ ಮಿಕ್ಕ ಕಾವು ಒಳದಾರಿಯಿಂದ ಹಾಯ್ದು ಈ ಕೋಡೊಲೆಗೆ ಬರುತ್ತಿತ್ತು. ಜವಾರಿ ಕೋಳಿಯ ಗಡಿಗೆ ಅಲ್ಲಿಯೇ ಏರುವುದು. ಅಂಗಳವೆಲ್ಲ ಕೆದರಿ ಬೆಳೆದ ಆ ಕೋಳಿಯ ಮಾಂಸ ಬಿರುಸು. ಅವಸರದ ಉರಿಗೆ ಅದು ಮಣಿಯುವುದಿಲ್ಲ. ಮಾಂಸದ ಎಳೆಗಳನ್ನು ಹಿಡಿದಿಟ್ಟ ಕೊಲ್ಯಾಜೆನ್ ಎಂಬ ಅಂಟುಪದಾರ್ಥವು ಸಣ್ಣ ಕಾವಿನಲ್ಲಿ ಬಹಳ ಹೊತ್ತು ಇದ್ದಾಗ ಕರಗಿ ಜೆಲಾಟಿನ್ ಆಗುತ್ತದೆ. ಆಗಲೇ ಎಳೆಗಳು ಬಿಡುವುದು. ಈ ಹೆಸರುಗಳನ್ನು ಅರಿಯದೆಯೂ ನಮ್ಮ ಹೆಂಗಸರು ಈ ಕೆಲಸವನ್ನು ಬಲ್ಲವರಾಗಿದ್ದರು. ಖಾನಾಪುರ ಹೇಳಿಕೇಳಿ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆ ಅಲ್ಲಿದೆ. ಕಾವನ್ನು ನಿಧಾನವಾಗಿ ಹೀರಿ ನಿಧಾನವಾಗಿ ಬಿಡುವ ಮಣ್ಣಿನ ಗುಣವನ್ನೇ ಇಂದಿನ ಪಿಂಗಾಣಿಯ ಪಾತ್ರೆಯೂ ನಂಬಿಕೊಂಡಿದೆ.

ಈ ವಿದ್ಯೆ ನಮ್ಮ ಗ್ರಂಥಗಳಲ್ಲಿ ಇರಬೇಕಲ್ಲ ಎಂದು ಹುಡುಕಹೊರಟರೆ ನಿರಾಶೆಯೇ ಹೆಚ್ಚು. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರದ ಭಾಗವುಂಟು, ಅದು 1025ರ ಸುಮಾರಿನದು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ಬರೆದನು. ಮಂಗರಸನು ಜೈನ, ಕೋಳಿಯ ಮಾತೇ ಅಲ್ಲಿ ಸಲ್ಲದು. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಮಾಂಸದ ಅಡಿಗೆಗಳೇನೋ ಧಾರಾಳವಾಗಿವೆ. ಶಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ ಭಡಿತ್ರಕವೂ ಅಲ್ಲಿದೆ. ಆದರೆ ಅದು ಅರಸನ ಭೋಗ. ಉಣ್ಣುವವನ ಸುಖ ಅಲ್ಲಿ ಶ್ಲೋಕವಾಗಿದೆ. ಒಲೆಯ ಮುಂದೆ ಕುಳಿತವರ ಹೊತ್ತು ಲೆಕ್ಕಕ್ಕೆ ಬಂದಿಲ್ಲ. ಕೋಡೊಲೆಯ ಕೋಳಿ ಅತ್ತೆಯಿಂದ ಸೊಸೆಗೆ ಬಾಯಿಮಾತಿನಿಂದಲೇ ಬಂದಿತು.

ಆ ಹೊತ್ತನ್ನು ಲೆಕ್ಕ ಹಾಕಿದವರು ಬೇರೆ ಕಡೆ ಇದ್ದರು. ಯೆಹೂದಿಗಳಿಗೆ ಶನಿವಾರದ ಸಬ್ಬತ್ತಿನಂದು ಬೆಂಕಿ ಹೊತ್ತಿಸುವುದು ನಿಷಿದ್ಧ. ಆದುದರಿಂದ ಪೂರ್ವ ಯೂರೋಪಿನ ಯೆಹೂದಿ ಗೃಹಿಣಿಯರು ಕಾಳು, ಮಾಂಸಗಳ ಗಡಿಗೆಯನ್ನು ಶುಕ್ರವಾರ ಸಂಜೆಯೇ ರೊಟ್ಟಿಯಂಗಡಿಯ ಆರುತ್ತಿದ್ದ ಗೂಡಿನಲ್ಲಿ ಇಟ್ಟುಬಂದು ಮರುದಿನ ತೆಗೆದುಕೊಳ್ಳುತ್ತಿದ್ದರು. ಈ ಅಡಿಗೆಗೆ ಚೋಲೆಂಟ್ ಎಂದು ಹೆಸರು. ತಾಯಿಯ ಬಾಯಿಂದ ಲಿಥುವೇನಿಯದ ಈ ಕತೆಯನ್ನು ಕೇಳಿದ ಅಮೇರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತನು ವಿದ್ಯುತ್ತಿನ ಗಡಿಗೆಯೊಂದನ್ನು ರೂಪಿಸಿ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ ‘ಕ್ರಾಕ್-ಪಾಟ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಹೊರಗೆ ದುಡಿಯಹೋಗುವ ಹೆಂಗಸರನ್ನು ಕಣ್ಮುಂದಿಟ್ಟುಕೊಂಡೇ ಅದರ ಪ್ರಚಾರ ನಡೆಯಿತು.

ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಕಲಕತ್ತೆಯ ವೈದ್ಯರಾದ ಇಂದುಮಾಧವ ಮಲ್ಲಿಕ್ ಅವರು 1910ರಷ್ಟು ಹಿಂದೆಯೇ ‘ಇಕ್‌ಮಿಕ್ ಕುಕರ್’ ನಿರ್ಮಿಸಿದ್ದರು. ಕೆಳಗೆ ಇದ್ದಿಲಿನ ಕೆಂಡ, ಮೇಲಿನ ಕೊಳವೆಯಂಥ ಪಾತ್ರೆಯಲ್ಲಿ ನೀರು, ಅದರೊಳಗೆ ಒಂದರ ಮೇಲೊಂದು ಡಬ್ಬಿಗಳು: ಅನ್ನ, ಬೇಳೆ, ಮಾಂಸ ಎಲ್ಲವೂ ಒಟ್ಟಿಗೆ, ಕಾಯುವವರಿಲ್ಲದೆ ಬೇಯುವುವು. ಆದರೆ 1959ರ ಸುಮಾರಿಗೆ ಪ್ರೆಶರ್ ಕುಕರುಗಳು ನಮ್ಮಲ್ಲಿಯೇ ತಯಾರಾಗತೊಡಗಿದ ಮೇಲೆ ಸಿಳ್ಳೆಯ ಅವಸರವೇ ನಮ್ಮ ಅಡಿಗೆಮನೆಗಳನ್ನು ಆಳಿತು.

ಹಳೆಯ ಒಲೆಯ ರುಚಿಯನ್ನು ಹೊಗಳುವುದು ಈಗ ಪದ್ಧತಿಯಾಗಿದೆ. ನಾನೂ ಹೊಗಳಿದವನೇ. ಆದರೆ ಆ ರುಚಿಗೆ ಬೆಲೆ ತೆತ್ತವರಾರು? ಯೆಹೂದಿ ಗೃಹಿಣಿ ಗಡಿಗೆಯನ್ನು ಗೂಡಿಗೆ ಒಪ್ಪಿಸಿ ನಿಶ್ಚಿಂತಳಾಗಿ ಮನೆಗೆ ಹೋದಳು. ನಮ್ಮ ಕೋಡೊಲೆಗೆ ಆ ಸೌಕರ್ಯವಿರಲಿಲ್ಲ. ಕಟ್ಟಿಗೆಯನ್ನು ಮುಂದೆ ನೂಕಬೇಕು, ಹಿಂದಕ್ಕೆಳೆಯಬೇಕು, ಊದಬೇಕು, ಹೊಗೆಗೆ ಕಣ್ಣೊರಸಬೇಕು. ಒಲೆ ಕಾಯುವವರೆಗೆ ಅವ್ವ ಕಾಯಬೇಕು. ನಾನು ಪುಸ್ತಕ ಹಿಡಿದು ಶಾಲೆಗೆ ಹೋಗುವಾಗಲೂ ಅವಳು ಅಲ್ಲಿಯೇ ಇದ್ದಳು, ಬರುವಾಗಲೂ ಅಲ್ಲಿಯೇ. ಅವಳಿಗೆ ಓದಲು ಬಂದುದು ಮೂರನೆಯ ಇಯತ್ತೆಯವರೆಗೆ ಮಾತ್ರ. ಇದನ್ನು ಒಂದಕ್ಕೊಂದು ಜೋಡಿಸಿ ನೋಡಲು ನನಗೆ ನಾಲ್ವತ್ತು ವರ್ಷ ದಾಟಬೇಕಾಯಿತು.

ಎರಡನೆಯ ದಿನವೂ ಅವ್ವ ಮಣೆ ಎಳೆದುಕೊಂಡಳು. ಹೆಂಡತಿ ಚಪ್ಪಲಿ ಮೆಟ್ಟುತ್ತ, “ಅತ್ತಿ, ಅದನ್ನ ಕಾಯೂದು ಬ್ಯಾಡ್ರಿ. ಅದರ ಪಾಡಿಗೆ ಅದು ಕಾಯ್ತೈತಿ” ಎಂದಳು. ಅವ್ವ ಒಂದು ಗಳಿಗೆ ಆ ಪಾತ್ರೆಯನ್ನೇ ನೋಡಿದಳು. ಬಳಿಕ ಮಣೆಯನ್ನು ಗೋಡೆಗೆ ಆನಿಸಿಟ್ಟು, ಸೆರಗು ಹೊದ್ದುಕೊಂಡು, ನೆರೆಮನೆಯವಳನ್ನು ಕೂಗಿ ಗಣಪತಿ ಗುಡಿಯ ಕಡೆಗೆ ಹೊರಟಳು.

ಮಧ್ಯಾಹ್ನ ಎರಡಾದರೂ ಅವಳು ಬಂದಿರಲಿಲ್ಲ. ಕೋಳಿ ಬೆಂದಿತ್ತು. ಅಂದು ಊಟಕ್ಕೆ ಅವಳಿಗಾಗಿ ನಾವು ಕಾದೆವು.