ಸೊನ್ನೆಗೆ ಸಮವೋ, ಅಲ್ಲವೋ?

ಮುಸ್ಸಂಜೆಯಲ್ಲಿ ಕಾಲ ಬಳಿ ಬಿದ್ದದ್ದು ಹಗ್ಗವೋ ಹಾವೋ ಎಂಬ ಸಂದೇಹ ನಮ್ಮ ಶಾಸ್ತ್ರಕಾರರಿಗೆ ಬಹು ಪ್ರಿಯವಾದ ದೃಷ್ಟಾಂತ. ದೀಪ ತಂದರೆ ಸಂದೇಹ ತೀರುತ್ತದೆ. ದೀಪವೇ ದೊರೆಯದಿದ್ದರೆ? ಆಗಲೂ ಅದು ಹಾವು, ಇಲ್ಲವೇ ಹಾವಲ್ಲ. ಮೂರನೆಯ ಪಕ್ಷವಿಲ್ಲ ಎಂದು ಅರಿಸ್ಟಾಟಲನ ಕಾಲದಿಂದ ಪಾಶ್ಚಾತ್ಯ ತರ್ಕ ಹೇಳುತ್ತ ಬಂದಿತು. ಅನಂತವಾದ ವಿಷಯಗಳಲ್ಲಿ ಈ ನಿಯಮವನ್ನು ನೆಚ್ಚಲಾಗದೆಂದು ೧೯೦೮ರಲ್ಲಿ ಬರೆದವನು ಹಾಲೆಂಡಿನ ಬ್ರೌವರ್. ಆಗ ಆತನಿಗೆ ಇಪ್ಪತ್ತೇಳು ವರ್ಷ.

೧೯೨೦ರ ದಶಕದಲ್ಲಿ ಆತ ಕೊಟ್ಟ ಉದಾಹರಣೆ ಸೊಗಸಾದುದು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವೇ ಪೈ; ಅದರ ದಶಮಾಂಶಗಳಿಗೆ ಕೊನೆಯಿಲ್ಲ. ಆ ಸಾಲಿನಲ್ಲಿ ೦೧೨೩೪೫೬೭೮೯ ಎಂಬ ಹತ್ತು ಅಂಕಗಳು ಇದೇ ಕ್ರಮದಲ್ಲಿ ಎಲ್ಲಾದರೂ ಬರುತ್ತವೆಯೆ? ಇದನ್ನೇ ಒಂದು ಸಂಖ್ಯೆಯಾಗಿ ಮಾಡಿಕೊಳ್ಳೋಣ. ದಶಮಾಂಶ ಬಿಂದುವಿನ ಮುಂದೆ ಸೊನ್ನೆಗಳನ್ನು ಬರೆಯುತ್ತ ಹೋಗಿ, ಪೈಯಲ್ಲಿ ಆ ಸಾಲು ಮೊದಲು ಆರಂಭವಾಗುವ ಸ್ಥಾನದಲ್ಲಿ ಮಾತ್ರ ಒಂದನ್ನು ಬರೆಯುವುದು. ಈ ಸಂಖ್ಯೆಯ ಯಾವ ಅಂಕವನ್ನು ಕೇಳಿದರೂ ಲೆಕ್ಕ ಹಾಕಿ ಹೇಳಬಹುದು. ಅದು ಸೊನ್ನೆಗೆ ಸಮವೋ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ! ಸಾಧಿಸಿ ತೋರಿಸುವವರೆಗೆ 'ಎರಡರಲ್ಲಿ ಒಂದು ನಿಜ' ಎನ್ನುವ ಹಕ್ಕೂ ನಮಗಿಲ್ಲ ಎಂಬುದು ಬ್ರೌವರನ ಹಟ.

ಗಣಿತದ ಬಹುಭಾಗ ಕೈಬಿಟ್ಟುಹೋದೀತೆಂದು ಜರ್ಮನಿಯ ಹಿಲ್ಬರ್ಟ್ ಕನಲಿದ. ೧೯೨೮ರಲ್ಲಿ 'ಮಾಥೆಮಾಟಿಷೆ ಅನಾಲೆನ್' ಪತ್ರಿಕೆಯ ಸಂಪಾದಕ ಮಂಡಲಿಯಿಂದ ಬ್ರೌವರನನ್ನು ಹೊರಹಾಕಿಸಿದ. ಅಷ್ಟು ದೊಡ್ಡ ವಿದ್ವಾಂಸನಿಗೆ ತಕ್ಕ ಕೆಲಸವಲ್ಲ ಅದು. ಅದೇ ವರ್ಷ ಆತ ಆಕರ್ಮನ್ನನೊಡನೆ ಬರೆದ ಗ್ರಂಥದಲ್ಲಿ, ತರ್ಕದ ಯಾವ ವಾಕ್ಯವನ್ನಾದರೂ ಪರಿಮಿತ ಹೆಜ್ಜೆಗಳಲ್ಲಿ ತೀರ್ಮಾನಿಸುವ ವಿಧಾನವನ್ನು ಹುಡುಕುವುದೇ ಮುಖ್ಯ ಸಮಸ್ಯೆಯೆಂದು ಸಾರಿದ.

ಉತ್ತರ ೧೯೩೬ರಲ್ಲಿ ಬಂದಿತು. ಅಮೆರಿಕದಲ್ಲಿ ಚರ್ಚ್, ಇಂಗ್ಲೆಂಡಿನಲ್ಲಿ ಟ್ಯೂರಿಂಗ್, ಇಬ್ಬರೂ ಬೇರೆ ಬೇರೆಯಾಗಿ ಅಂಥ ವಿಧಾನ ಅಸಾಧ್ಯವೆಂದು ತೋರಿಸಿದರು. ಲೆಕ್ಕ ಮಾಡುವ ಯಂತ್ರವೊಂದು ಗೊತ್ತಾದ ಅಂಕವನ್ನು ಎಂದಾದರೂ ಬರೆದೀತೇ ಎಂದು ಎಲ್ಲ ಸಂದರ್ಭಗಳಲ್ಲೂ ಮುಂದಾಗಿ ಹೇಳುವ ಉಪಾಯವಿಲ್ಲವೆಂಬುದು ಟ್ಯೂರಿಂಗನ ವಾದದ ಒಂದು ಮೆಟ್ಟಿಲು. ಇದರಿಂದ ಸಮತ್ವದ ಗತಿಯೂ ತಿಳಿಯುತ್ತದೆ. ಎರಡು ಸಂಖ್ಯೆಗಳು ಬೇರೆಯಾಗಿದ್ದರೆ ಅಂಕಗಳನ್ನು ಲೆಕ್ಕ ಹಾಕುತ್ತ ಹೋದವನಿಗೆ ಒಂದು ದಿನ ವ್ಯತ್ಯಾಸ ಕಂಡೀತು. ಒಂದೇ ಆಗಿದ್ದರೆ ಕಾಯುವವನಿಗೆ ಯಾವ ಸೂಚನೆಯೂ ಸಿಕ್ಕದು.

ಬ್ರೌವರನ ಹತ್ತು ಅಂಕಗಳು ಕೊನೆಗೆ ಸಿಕ್ಕಿದವು. ೧೯೯೭ರಲ್ಲಿ ಜಪಾನಿನ ಕನಾಡಾ (ಹೆಸರಿನ ಹೊರತು ನಮಗೂ ಅವರಿಗೂ ನಂಟಿಲ್ಲ) ಮತ್ತು ತಕಹಾಶಿ ಗಣಕಯಂತ್ರದಿಂದ ಪೈಯನ್ನು ಬಿಡಿಸುತ್ತಿದ್ದಾಗ, ೧೭೩೮ ಕೋಟಿಗೂ ಆಚೆಯ ಸ್ಥಾನದಲ್ಲಿ ಆ ಸಾಲು ಕಾಣಿಸಿತು. ಹಾಗಾದರೆ ಆ ಸಂಖ್ಯೆ ಸೊನ್ನೆಯಲ್ಲ. ಬ್ರೌವರ್ ೧೯೬೬ರಲ್ಲೇ ತೀರಿಕೊಂಡಿದ್ದ. ಇದ್ದಿದ್ದರೂ ಸೋಲೊಪ್ಪುತ್ತಿರಲಿಲ್ಲವೆಂದು ನನ್ನ ಊಹೆ. ಹತ್ತು ಅಂಕಗಳ ಬದಲು ಸಾವಿರ ಒಂಬತ್ತುಗಳು ಒಂದರ ಹಿಂದೊಂದು ಬರುತ್ತವೆಯೇ ಎಂದು ಕೇಳಿದರೆ, ಇಂದಿಗೂ ಹೇಳಬಲ್ಲವರಿಲ್ಲ.