ಸಾವಿರ ಒಲೆಗಳ ಜಾತ್ರೆ

ಬನದ ಹುಣ್ಣಿಮೆಯ ರಾತ್ರಿ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಕೊಂಡಾಗ ನೆರೆದವರ ಕಣ್ಣೆಲ್ಲ ಆ ಉರಿಯ ಮೇಲಿರುತ್ತದೆ. ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಹಚ್ಚಿದ ಬೆಂಕಿ ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿಗೆ ಮಳೆ-ಬೆಳೆ ಎಂಬುದು ನಂಬಿಕೆ. ಐದು ದಿನಗಳ ಸಿದ್ದಪ್ಪಾಜಿ ಜಾತ್ರೆ ಶುರುವಾಗುವುದು ಹೀಗೆ. ದೇವರ ಜಾತ್ರೆಯಾದ ಇದು ಹಾಡಿನ ಜಾತ್ರೆಯೂ ಹೌದು. ತಂಬೂರಿ, ಗಗ್ಗರ ಹಿಡಿದ ನೀಲಗಾರರು, ಅಂದರೆ ಈ ಪಂಥದ ಹಾಡುಗಾರರು, ಸಿದ್ದಪ್ಪಾಜಿಯ ಗುರುವಿನ ಕಥೆಯಾದ ಮಂಟೇಸ್ವಾಮಿ ಕಾವ್ಯದ ಸಾಲುಗಳನ್ನು ಇರುಳೆಲ್ಲ ಹಾಡುತ್ತಾರೆ. ಒಂದು ಬಿಡಾರದ ಹಾಡಿನಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರು ಸೇರಿದ್ದರೆ, ಪಕ್ಕದ ಬಿಡಾರದಲ್ಲಿ ಮಂಟೇಸ್ವಾಮಿ ಇನ್ನೂ ಕಲ್ಯಾಣದ ಬಾಗಿಲಲ್ಲೇ ನಿಂತಿರುತ್ತಾರೆ. ಇಷ್ಟು ದೊಡ್ಡ ಹಾಡಿನ ಕೂಟವನ್ನು ದೊಂಬಿಯಾಗಲು ಬಿಡದೆ ಹಿಡಿದಿಟ್ಟದ್ದು ಪೊಲೀಸರ ಲಾಠಿಗಿಂತ ಹೆಚ್ಚಾಗಿ ಮನೆಯಿಂದ ತಂದ ಅಕ್ಕಿ, ಸೌದೆ, ಮೂರು ಕಲ್ಲಿನ ಒಲೆ ಎಂಬುದು ನನ್ನ ವಾದ.

ಈ ಸೀಮೆಯ ಚರಿತ್ರೆ ಇದಕ್ಕೆ ಒಂದಿಷ್ಟು ಇಂಬು ಕೊಡುತ್ತದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಗ್ಗುಲ ಯಳಂದೂರು ಮೈಸೂರಿನೊಳಗೆ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಮಂಟೇಸ್ವಾಮಿಯ ಗದ್ದುಗೆ ಹೊಳೆಯಾಚೆ ಬೊಪ್ಪೇಗೌಡನಪುರದಲ್ಲಿ, ಮೈಸೂರಿನ ಕಡೆ. ಸಿದ್ದಪ್ಪಾಜಿಯದು ಈಚೆ, ಮದ್ರಾಸಿನ ಕಡೆ. ಎರಡು ಸರ್ಕಾರಗಳ ಗಡಿ ದಾಟಿ ಬರುವ ಭಕ್ತರ ಒಕ್ಕಲಿಗೆ ಯಾವುದೋ ಒಂದು ಕಚೇರಿ ಊಟ, ನೆರಳು, ಕಾವಲು ಒದಗಿಸುತ್ತದೆಂಬ ಭರವಸೆ ಇರಲು ಸಾಧ್ಯವಿರಲಿಲ್ಲ. ಒಕ್ಕಲು ತನ್ನ ಬಿಡಾರ ತಾನೇ ಹೂಡಬೇಕು, ತನ್ನ ಅಡುಗೆ ತಾನೇ ಬೇಯಿಸಬೇಕು. ನಾಲ್ಕನೆಯ ದಿನದ ಪಂಕ್ತಿಸೇವೆಯಲ್ಲಂತೂ ಬಂದವನೇ ಬಡಿಸುವವನು, ಜಾತಿ ನೋಡದೆ ಸಾಲಿನಲ್ಲಿ ಕೂತವರೆಲ್ಲ ಅವನ ನೆಂಟರು. ತಾನೇ ಯಜಮಾನನಾದ ಕಡೆ ಯಾರೂ ಸುಲಭವಾಗಿ ಬೆಂಕಿಯಿಡುವುದಿಲ್ಲ.

ಇದಕ್ಕೆ ನೇರ ವಿರುದ್ಧದ ಚಿತ್ರ 1999ರ ಜುಲೈಯಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದ್ದು. ಹಳೆಯ ವಾಯುಪಡೆ ನೆಲೆಯ ಕಾದ ಡಾಂಬರು, ಬಾಗಿಲಲ್ಲೇ ಕಿತ್ತುಕೊಂಡ ಬುತ್ತಿ, ಒಳಗೆ 4 ಡಾಲರಿಗೊಂದು ನೀರಿನ ಬಾಟಲಿ. ಕೊನೆಯ ರಾತ್ರಿ ಶಾಂತಿಗೆಂದು ಹಂಚಿದ ಮೇಣದಬತ್ತಿಗಳಿಂದಲೇ ಜನ ಬೆಂಕಿ ಹಚ್ಚಿದರು. ಅಬ್ಬರದ ಸಂಗೀತವೇ ಕಾರಣ ಎಂದರು ಕೆಲವರು. ಆದರೆ ಗಿರಾಕಿಯಾಗಿ ಮೂರು ದಿನ ಸುಲಿಸಿಕೊಂಡವನ ಸಿಟ್ಟಿಗೆ ಗಿಟಾರು ಬೇಕಿಲ್ಲ. 2010ರ ಜುಲೈ 24ರಂದು ಜರ್ಮನಿಯ ಡುಯಿಸ್‌ಬರ್ಗಿನ ಲವ್ ಪರೇಡ್ ಎಂಬ ಸಂಗೀತೋತ್ಸವದಲ್ಲಿ ಸಿಟ್ಟೂ ಇರಲಿಲ್ಲ. ಹೋಗುವವರಿಗೂ ಬರುವವರಿಗೂ ಒಂದೇ ಸುರಂಗದ ದಾರಿ, 21 ಜನ ಸತ್ತರು.

ಜಾತ್ರೆಯನ್ನು ಕಾಯುವುದು ಒಲೆಯಲ್ಲ, ಭಕ್ತಿ ಎನ್ನುವವರಿದ್ದಾರೆ. ಭಕ್ತಿಗೆ ಆ ಶಕ್ತಿಯಿದ್ದಿದ್ದರೆ 2005ರ ಜನವರಿ 25ರಂದು, ಇದೇ ಬನದ ಹುಣ್ಣಿಮೆಯಲ್ಲಿ, ಮಹಾರಾಷ್ಟ್ರದ ಮಾಂಢರದೇವಿ ಬೆಟ್ಟದ ಜಾತ್ರೆಯ ನೂಕುನುಗ್ಗಲಿನಲ್ಲಿ 290ಕ್ಕೂ ಹೆಚ್ಚು ಜನ ಸಾಯುತ್ತಿರಲಿಲ್ಲ. ಅಲ್ಲಿದ್ದದ್ದೂ ಇಕ್ಕಟ್ಟಿನ ಒಂದೇ ದಾರಿ, ಒಡೆದ ತೆಂಗಿನಕಾಯಿಯ ನೀರಿಗೆ ಜಾರುವ ಮೆಟ್ಟಿಲು. ಹಳೆಯದನ್ನೆಲ್ಲ ಹೊಗಳುವ ಚಾಳಿ ಇದು ಎಂಬ ಆಕ್ಷೇಪಕ್ಕೆ ತೂಕವಿದೆ. ಜಾತ್ರೆಯೆಂದರೆ ಕಾಲರಾ ಎಂದು ಬ್ರಿಟಿಷ್ ಆಡಳಿತ ಹೆದರಿದ್ದು ಸುಮ್ಮನೆ ಅಲ್ಲ. ಒಲೆ ನೂಕುನುಗ್ಗಲನ್ನು ತಡೆದೀತು, ಕೆಟ್ಟ ನೀರನ್ನು ತಡೆಯದು. ಚಿಕ್ಕಲ್ಲೂರಿನಲ್ಲೂ ಚಂದ್ರಮಂಡಲದ ಗಳಿಗೆ ಎಲ್ಲರನ್ನೂ ಒಂದೇ ಕಡೆ ಎಳೆಯುವಂಥದು; ಪೊಲೀಸರು ಬೇಕಾದದ್ದು ಅಲ್ಲಿ. ಉಳಿದ ದಿನಗಳಲ್ಲಿ ವೇದಿಕೆಯೇ ಇಲ್ಲ, ಹಾಗಾಗಿ ವೇದಿಕೆಯತ್ತ ನುಗ್ಗುವವರೂ ಇಲ್ಲ.

ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ಹೆಸರಿನಲ್ಲಿ, ಕುರಿ-ಕೋಳಿ ಕೊಯ್ದು ಬೇಯಿಸುವ ಪಂಕ್ತಿಸೇವೆಗೆ ತಡೆ ಬಂದಿದೆ. ದೇವರಿಗೆ ಕೊಡುವ ಬಲಿ ಇದಲ್ಲ, ನಮ್ಮ ಊಟ ಎನ್ನುತ್ತಾರೆ ಒಕ್ಕಲಿನವರು. ಬಲಿ ಯಾವುದು, ಊಟ ಯಾವುದು ಎಂಬುದನ್ನು ನ್ಯಾಯಾಲಯ ಬಿಡಿಸಲಿ. ಜನಸಂದಣಿಯ ಲೆಕ್ಕ ಬೇರೆಯೇ ಇದೆ: ಕುರಿ-ಕೋಳಿ ಹುಡುಕಲು ಹಾಕಿದ ಚೆಕ್‌ಪೋಸ್ಟು ಹತ್ತು ಕಡೆ ಚೆದುರಬೇಕಾದ ಜನರನ್ನು ಒಂದೇ ಬಾಗಿಲಲ್ಲಿ ನಿಲ್ಲಿಸುತ್ತದೆ. ಅಲ್ಲಿ ನಿಂತ ಗಾಡಿಯಲ್ಲಿ ಕುರಿಯ ಪಕ್ಕಕ್ಕೆ ಅಕ್ಕಿ ಮೂಟೆ, ಪಾತ್ರೆ ಪಡಗ, ಬಟ್ಟೆ ಸುತ್ತಿದ ತಂಬೂರಿಯೂ ಇರುತ್ತವೆ.