ಹಳದಿ ಬಂಗಾರದ ಉಂಗುರ

ಕಳೆದ ವೈಶಾಖಮಾಸದಲ್ಲಿ ಇಂದೂರದ ನಮ್ಮ ಮನೆಯಲ್ಲಿ ತಮ್ಮನ ಮಗಳ ನಿಶ್ಚಿತಾರ್ಥದ ಸಿದ್ಧತೆ ನಡೆದಿತ್ತು. ಒಂದು ಸಾಯಂಕಾಲ ಆ ಹುಡುಗಿಯು ತನ್ನ ಮೊಬೈಲಿನಲ್ಲಿ ಹತ್ತಾರು ಉಂಗುರಗಳ ಚಿತ್ರಗಳನ್ನು ನನಗೆ ತೋರಿಸುತ್ತ, “ಕಾಕಾ, ಈಗ ಎಲ್ಲಾರೂ ಮತ್ತ ಹಳದಿ ಬಂಗಾರದ್ದ ಕೇಳಾಕತ್ತಾರ್ರಿ, ಬಿಳೀ ಬಂಗಾರ ಹಳೇದಾತು” ಎಂದಳು. ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ, ಎಂಬತ್ತು ದಾಟಿದ ನನ್ನ ಚಿಕ್ಕತಾಯಿಯವರು ತಲೆಯೆತ್ತದೆಯೇ, “ಬಂಗಾರ ಹಳದಿ ಇರಲಾರದ ಬೆಳ್ಳಗ ಇರತೈತೇನವಾ? ಬೆಳ್ಳಗ ಇದ್ದರ ಅದು ಬೆಳ್ಳಿ” ಎಂದರು. ಹುಡುಗಿ ನಕ್ಕಳು; ನಾನೂ ನಕ್ಕೆನು. ಆದರೆ ರಾತ್ರಿ ಮಲಗಿದಾಗ ಚಿಕ್ಕತಾಯಿಯ ಮಾತು ಶ್ರುತಿಯೊಂದಕ್ಕೆ ಸರಿಯಾಗಿ ಹೊಂದುವದೆಂಬದು ನೆನಪಿಗೆ ಬಂದು, ಎದ್ದು ದೀಪ ಹಚ್ಚಿ ಪುಸ್ತಕವನ್ನು ತೆಗೆಯಬೇಕಾಯಿತು. ಅಂದಿನಿಂದ ಕೂಡಿಸಿದ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ತೈತ್ತಿರೀಯ ಸಂಹಿತೆಯ ಪ್ರಥಮ ಕಾಂಡದ ಐದನೆಯ ಪ್ರಪಾಠಕದ ಆರಂಭದಲ್ಲಿ ಒಂದು ಕಥೆಯಿದೆ. ದೇವಾಸುರರ ಯುದ್ಧವು ಒದಗಿದಾಗ ದೇವತೆಗಳು ತಮ್ಮ ಸಂಪತ್ತನ್ನು ಅಗ್ನಿಯಲ್ಲಿ ಅಡವಿಟ್ಟರು. ಸೋತರೆ ಇದಾದರೂ ಉಳಿದೀತೆಂದು ಅವರ ಭಾವನೆ. ಅಗ್ನಿಯು ಅದಕ್ಕೆ ಆಸೆಪಟ್ಟು ಎತ್ತಿಕೊಂಡು ಹೋದನು. ಗೆದ್ದು ಬಂದ ದೇವತೆಗಳು ಬೆನ್ನಟ್ಟಿ ಬಲಾತ್ಕಾರದಿಂದ ಅದನ್ನು ಕಸಿದುಕೊಳ್ಳಲು ಅವನು ಅತ್ತನು. ಅತ್ತದ್ದರಿಂದಲೇ ಅವನಿಗೆ ರುದ್ರನೆಂಬ ಹೆಸರಾಯಿತು. ಅವನ ಕಣ್ಣಿನಿಂದ ಉದುರಿದ ಹನಿಯು ಬೆಳ್ಳಿಯಾಯಿತು. ಆ ಬೆಳ್ಳಿಗೆ ಅಲ್ಲಿ ಹೇಳಿದ ಹೆಸರು ‘ರಜತ ಹಿರಣ್ಯ’ ಎಂದು, ಅಂದರೆ ಬಿಳಿಯ ಬಂಗಾರ. ಕಣ್ಣೀರಿನಿಂದ ಹುಟ್ಟಿದ್ದರಿಂದ ಅದು ಯಜ್ಞದ ದಕ್ಷಿಣೆಗೆ ಯೋಗ್ಯವಲ್ಲವೆಂದೂ ಕೊಟ್ಟವನ ಮನೆಯಲ್ಲಿ ವರ್ಷದೊಳಗೆ ಅಳು ಕೇಳಿಬರುವದೆಂದೂ ಶ್ರುತಿಯು ಹೇಳುತ್ತದೆ. ಅಕ್ಷರ ಕಲಿಯದ ನನ್ನ ಚಿಕ್ಕತಾಯಿ ಬತ್ತಿ ಹೊಸೆಯುತ್ತ ಆಡಿದ ಮಾತು ಇದೇ ಅಲ್ಲವೇ?

ಹಿರಣ್ಯವೆಂಬ ಶಬ್ದದಲ್ಲಿಯೇ ಹಳದಿಯ ಬಣ್ಣವು ಅಡಗಿದೆ. ಹರಿ, ಹರಿತ, ಹರಿದ್ರಾ ಎಂಬ ಶಬ್ದಗಳ ಕುಲವೇ ಅದರದು. ಅರಿಸಿನವೂ ಬಂಗಾರವೂ ಒಂದೇ ಧಾತುವಿನ ಸೋದರರು. ಇಂಗ್ಲಿಷರ ‘ಗೋಲ್ಡ್’ ಮತ್ತು ‘ಯೆಲ್ಲೋ’ ಶಬ್ದಗಳು ಸಹ ಅದೇ ಮೂಲದಿಂದ ಒಡೆದ ಕವಲುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಪಾಠಶಾಲೆಯಲ್ಲಿ ನಾವು ಬೆಳಗಿನ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಬಾಯಿಪಾಠ ಮಾಡಿದ ಅಮರಕೋಶದಲ್ಲಿ ಬಂಗಾರಕ್ಕೆ 19 ಹೆಸರುಗಳಿವೆ. ಉಂಗುರಕ್ಕೆ ಅಂಗುಲೀಯಕ, ಊರ್ಮಿಕಾ ಎಂಬ ಎರಡೇ ಹೆಸರು. ಅದರ ಮೇಲೆ ಅಕ್ಷರ ಕೆತ್ತಿದ್ದರೆ ಅಂಗುಲಿಮುದ್ರಾ. ಅಕ್ಷರವುಳ್ಳ ಉಂಗುರಕ್ಕೆ ಅಮರಸಿಂಹನು ಬೇರೆ ಹೆಸರನ್ನೇ ಹೇಳಿರುವದು ಲಕ್ಷದಲ್ಲಿಡತಕ್ಕ ಸಂಗತಿ. ಈ ಮಾತಿಗೆ ಮುಂದೆ ಮತ್ತೆ ಬರುವೆನು.

ಬಣ್ಣದ ವಿಚಾರವನ್ನು ಶಾಸ್ತ್ರವಾಗಿ ಹೇಳಿದವನು ಕೌಟಿಲ್ಯನು. ಅವನ ಅರ್ಥಶಾಸ್ತ್ರವು ಹೆಸರಿನಿಂದ ಮಾತ್ರ ಗೊತ್ತಿದ್ದ ಕಾಲವೊಂದಿತ್ತು. ಮೈಸೂರಿನ ಪ್ರಾಚ್ಯ ಕೋಶಾಗಾರದ ಆರ್. ಶಾಮಾಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಓದಿ 1909ರಲ್ಲಿ ಅದನ್ನು ಅಚ್ಚು ಮಾಡಿಸಿದ ತರುವಾಯವೇ ಜಗತ್ತು ಅದನ್ನು ಕಂಡಿತು. ಅದರ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಪ್ರಕರಣವಿದೆ. ಬಂಗಾರದ ಕೆಲಸ ನಡೆಯುವ ಮನೆಗೆ ಅಲ್ಲಿ ಅಕ್ಷಶಾಲೆಯೆಂದು ಹೆಸರು. ನಮ್ಮ ‘ಅಕ್ಕಸಾಲೆ’ ಅದರ ತದ್ಭವವು. ಕಮಲದ ಕೇಸರದಂಥ ಬಣ್ಣವುಳ್ಳ, ಮೃದುವಾದ, ಹೊಳೆಯುವ ಬಂಗಾರವು ಶ್ರೇಷ್ಠ; ಕೆಂಪು ಬೆರೆತ ಹಳದಿಯು ಮಧ್ಯಮ; ಕೆಂಪಾದದ್ದು ಅಧಮ. ಬಿಳಿಚಿಕೊಂಡದ್ದಕ್ಕೂ ಬೆಳ್ಳಗಿನದಕ್ಕೂ ಅವನು ಇಟ್ಟ ಹೆಸರು ‘ಅಪ್ರಾಪ್ತಕ’ ಎಂದು. ಅಂದರೆ ಶುದ್ಧಿಯನ್ನು ಇನ್ನೂ ಮುಟ್ಟದೆ ಇದ್ದದ್ದು, ಸೀಸ ಹಾಕಿ ಮತ್ತೆ ಶೋಧಿಸತಕ್ಕದ್ದು. ತಾಮ್ರವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋದಾಗ ಬರುವ ತರತಮಗಳನ್ನು ಹದಿನಾರು ವರ್ಣಗಳೆಂದು ಎಣಿಸಿದ್ದಾನೆ. ನಾವು ಇಂದು ಕ್ಯಾರಟ್ ಎನ್ನುವದನ್ನು ಅವನು ವರ್ಣವೆಂದನು. ಹಿಂಗುಲ ಮೊದಲಾದ ದ್ರವ್ಯ ಬಳಿದುಕೊಂಡ ಬೆರಳಿನಿಂದ ಮುಟ್ಟಿದರೆ ಬಂಗಾರವು ಬೆಳ್ಳಗಾಗುವದೆಂದೂ ಅವನು ಬರೆದಿದ್ದಾನೆ. ಅದು ಬಂದಿರುವದು ಒರೆಗಲ್ಲಿನ ಪರೀಕ್ಷೆಯಲ್ಲಿ ನಡೆಯುವ ಮೋಸಗಳನ್ನು ಎಣಿಸುವ ಸ್ಥಳದಲ್ಲಿ!

ಕನ್ನಡನಾಡಿಗೆ ಈ ಲೋಹವು ಹೊರಗಿನಿಂದ ಬಂದದ್ದಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು ಅಗೆದ ಆಳವಾದ ಗಣಿಗಳ ಕುರುಹುಗಳಿವೆ. ಇಂದಿಗೂ ಅಲ್ಲಿ ಬಂಗಾರ ತೆಗೆಯುತ್ತಾರೆ. ಕೋಲಾರದ ಗಣಿಗಳು ಮಾತ್ರ 2001ರಲ್ಲಿ ಮುಚ್ಚಿಹೋದವು. ಹಟ್ಟಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬಂಗಾರವನ್ನು ಹುಡುಕುತ್ತ ತಿರುಗಿದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಬಂಗಾರದ ಬದಲು ಅಶೋಕನ ಹೆಸರುಳ್ಳ ಶಿಲಾಶಾಸನವೇ ದೊರೆಯಿತು. ನಮ್ಮ ಮಗ್ಗುಲಿನ ಬನವಾಸಿ ನಾಡಿನ ಶಾಸನಗಳಲ್ಲಿ ದಾನವೂ ದಂಡವೂ ಗದ್ಯಾಣದ ಲೆಕ್ಕದಲ್ಲಿವೆ.

ಇನ್ನು ಉಂಗುರದ ಮಾತು. ರಾಮನು ಹನುಮಂತನ ಕೈಯಲ್ಲಿ ಕಳುಹಿದ ಮುದ್ರಿಕೆಯನ್ನು ಅರಿಯದವರಿಲ್ಲ. ಶಾಕುಂತಲದ ಉಂಗುರವನ್ನೂ ಎಲ್ಲರೂ ಬಲ್ಲರು. ಆದರೆ ವ್ಯಾಸಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವೇ ಇಲ್ಲವೆಂಬದನ್ನು ಬಹಳ ಜನರು ಗಮನಿಸಿರಲಾರರು. ಅಲ್ಲಿ ಮಗನನ್ನು ಕೈಹಿಡಿದು ಸಭೆಗೆ ಬಂದ ಶಕುಂತಲೆಯು ತನ್ನ ಮಾತಿನ ಸತ್ಯದ ಮೇಲೆಯೇ ನಿಂತು ವಾದಿಸುತ್ತಾಳೆ. ಕಟ್ಟಕಡೆಗೆ ಅಶರೀರವಾಣಿಯು ಸಾಕ್ಷಿ ನುಡಿಯುತ್ತದೆ. ಕಾಳಿದಾಸನ ನಾಟಕದಲ್ಲಿ ಆಕಾಶವಾಣಿಯ ಕೆಲಸವು ಉಂಗುರದ ಪಾಲಿಗೆ ಬಂದಿತು. ಅವನ ಮಾಲವಿಕಾಗ್ನಿಮಿತ್ರದಲ್ಲಿಯೂ ರಾಣಿಯ ಸರ್ಪಮುದ್ರೆಯ ಉಂಗುರವನ್ನು ತೋರಿಸಿ ಸೆರೆಯಿಂದ ಮಾಲವಿಕೆಯನ್ನು ಬಿಡಿಸುತ್ತಾರೆ. ವಿಶಾಖದತ್ತನ ನಾಟಕಕ್ಕಂತೂ ಅಮಾತ್ಯ ರಾಕ್ಷಸನ ಉಂಗುರದಿಂದಲೇ ಹೆಸರು ಬಂದಿದೆ. ಈ ಉಂಗುರಗಳಲ್ಲಿ ಯಾವದೂ ಅಂದಕ್ಕೆಂದು ತೊಟ್ಟದ್ದಲ್ಲ. ಎಲ್ಲವೂ ಗುರುತಿಗಾಗಿ, ಸಾಕ್ಷಿಗಾಗಿ.

ಹೀಗಿದ್ದರೂ ನಿಶ್ಚಿತಾರ್ಥದಲ್ಲಿ ಕನ್ಯೆಯ ಬೆರಳಿಗೆ ಉಂಗುರ ತೊಡಿಸುವದು ನಮ್ಮ ಶಾಸ್ತ್ರವಲ್ಲ. ವಾಗ್ದಾನವೆಂದರೆ ಹೆಸರೇ ಹೇಳುವಂತೆ ಮಾತಿನ ದಾನವು. ಎಲೆ ಅಡಿಕೆಯೇ ಅದಕ್ಕೆ ಸಾಕ್ಷಿ. ಹಳಿಯಾಳದ ಕಡೆಯ ಮರಾಠಿ ಮನೆಗಳಲ್ಲಿ ಅದನ್ನು ‘ಸಾಖರಪುಡಾ’ ಎನ್ನುತ್ತಾರೆ. ಅಲ್ಲಿ ಸಕ್ಕರೆಯ ಪೊಟ್ಟಣಕ್ಕೆ ಮಾನ. ನಮ್ಮಲ್ಲಿ ಉಂಗುರವು ಬರುತ್ತಿದ್ದದ್ದು ಮದುವೆಯ ದಿವಸ, ವರಪೂಜೆಯಲ್ಲಿ. ಕನ್ಯಾಪಿತೃವು ಅಳಿಯನ ಬೆರಳಿಗೆ ತೊಡಿಸುತ್ತಿದ್ದನು. ಜೋಯಿಡಾ, ಹಳಿಯಾಳ ಭಾಗದ ಕ್ರೈಸ್ತ ಬಂಧುಗಳ ಮದುವೆಗಳಲ್ಲಿ ಮಾತ್ರ ಪೂರ್ವದಿಂದಲೂ ಉಂಗುರದ ವಿಧಿಯುಂಟು. ಅವರ ಪದ್ಧತಿಯ ಬೇರು ರೋಮಿನಲ್ಲಿದೆ. ಮೊದಲನೆಯ ಶತಮಾನದ ಪ್ಲಿನಿಯು, ತನ್ನ ಕಾಲದಲ್ಲಿಯೂ ವಧುವಿಗೆ ಕಳುಹುವದು ಕಬ್ಬಿಣದ ಉಂಗುರವೆಂದೂ ಅದರಲ್ಲಿ ಹರಳು ಇರುವದಿಲ್ಲವೆಂದೂ ಬರೆದಿದ್ದಾನೆ. ಕ್ರಿ.ಶ. 866ರಲ್ಲಿ ಪೋಪ್ ಒಂದನೆಯ ನಿಕೋಲಸನು ಬಲ್ಗೇರಿಯದವರಿಗೆ ಬರೆದ ಉತ್ತರದಲ್ಲಿ ವಿವಾಹನಿಶ್ಚಯದ ಉಂಗುರವನ್ನು ನಂಬುಗೆಯ ಒತ್ತೆಯೆಂದು ಹೇಳಿದ್ದಾನೆ. 1477ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ನನು ಬರ್ಗಂಡಿಯ ಮೇರಿಗೆ ವಜ್ರದ ಉಂಗುರವನ್ನು ಕೊಟ್ಟನು. ಕಬ್ಬಿಣದಿಂದ ವಜ್ರಕ್ಕೆ ಬಂದಾಗ, ಒತ್ತೆಯು ಹೋಗಿ ಶೋಭೆಯು ಮುಂದಾಯಿತೆಂದು ನನಗೆ ತೋರುತ್ತದೆ.

ಬಿಳಿಯ ಬಣ್ಣವು ಬಂದದ್ದು ಈ ವಜ್ರದ ಬೆನ್ನಿಗೇ. ವಜ್ರವು ಬಿಳಿಯ ಲೋಹದಲ್ಲಿ ಹೆಚ್ಚು ಹೊಳೆಯುವದೆಂದು ಪ್ಲ್ಯಾಟಿನಮ್ಮಿಗೆ ಬೆಲೆ ಬಂದಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ನಿಕಲ್, ಪೆಲೇಡಿಯಮ್ ಲೋಹಗಳನ್ನು ಬೆರೆಸಿ ಬಂಗಾರವನ್ನೇ ಬೆಳ್ಳಗೆ ಮಾಡುವ ಉಪಾಯವು ವ್ಯಾಪಾರಕ್ಕೆ ಬಂದಿತು. 1942ರಲ್ಲಿ ಯುದ್ಧದ ಸಲುವಾಗಿ ಅಮೇರಿಕ ಸರಕಾರವು ಆಭರಣಗಳಿಗೆ ಪ್ಲ್ಯಾಟಿನಮ್ ಬಳಸಬಾರದೆಂದಾಗ ಆ ಬಿಳಿಯ ಬಂಗಾರಕ್ಕೆ ಮತ್ತಷ್ಟು ಕಳೆ ಏರಿತು. 1947ರಲ್ಲಿ ಡಿ ಬೀರ್ಸ್ ಕಂಪನಿಯ ಸಲುವಾಗಿ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆಯು ವಜ್ರವು ಚಿರಂತನವೆಂಬ ಪ್ರಚಾರವಾಕ್ಯವನ್ನು ಬರೆದಳು. ಆದರೆ ಆ ಬಿಳುಪು ಚಿರಂತನವಲ್ಲ. ಬಿಳಿಯ ಬಂಗಾರದ ಮೇಲೆ ಸಾಮಾನ್ಯವಾಗಿ ರೋಡಿಯಮ್ ಎಂಬ ಲೋಹದ ತೆಳು ಲೇಪವಿರುವದು. ತೊಟ್ಟು ತೊಟ್ಟು ಅದು ಸವೆದಾಗ ಒಳಗಿನ ನಸುಹಳದಿ ಇಣಿಕಿ ನೋಡುತ್ತದೆ. ಮತ್ತೆ ಲೇಪ ಕೊಡಿಸಬೇಕು. 1981ರಲ್ಲಿ ಇಂಗ್ಲಂಡದ ರಾಜಕುಮಾರನು ಡಯಾನಾಳಿಗೆ ತೊಡಿಸಿದ ನೀಲಮಣಿಯ ಉಂಗುರವು 18 ಕ್ಯಾರಟಿನ ಬಿಳಿಯ ಬಂಗಾರದ್ದು. ಅವಳ ಕಿರಿಯ ಮಗ ಹ್ಯಾರಿಯು 2017ರಲ್ಲಿ ತನ್ನ ವಧುವಿಗೆ ತಾಯಿಯ ಸಂಗ್ರಹದ ಎರಡು ಸಣ್ಣ ವಜ್ರಗಳನ್ನು ಕೂಡಿಸಿ ಮಾಡಿಸಿದ್ದು ಹಳದಿ ಬಂಗಾರದ್ದು. ನಮ್ಮ ಹುಡುಗಿಯ ಮೊಬೈಲಿನವರೆಗೆ ಬಂದು ಮುಟ್ಟಿದ್ದು ಆ ಗಾಳಿಯೇ.

ಆದರೆ ನಮ್ಮ ದೇಶದಲ್ಲಿ ಹಳದಿಯ ಬಂಗಾರವು ಒಮ್ಮೆ ಬೇರೆ ರೀತಿಯಿಂದ ತಪ್ಪಿಹೋಗಿತ್ತು. ಆಗ ಅದನ್ನು ತಪ್ಪಿಸಿದ್ದು ಫ್ಯಾಶನ್ನಲ್ಲ, ಕಾನೂನು. 1962ರ ಚೀನಾ ಯುದ್ಧದ ತರುವಾಯ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರ ಕಾಲದಲ್ಲಿ ಸುವರ್ಣ ನಿಯಂತ್ರಣವು ಜಾರಿಗೆ ಬಂದು, 14 ಕ್ಯಾರಟಿಗೆ ಮೀರಿದ ಹೊಸ ಆಭರಣಗಳನ್ನು ಮಾಡಕೂಡದೆಂದಾಯಿತು. ಜನರ ಬಂಗಾರದ ಆಸೆಯು ತಗ್ಗಿ ವಿದೇಶೀ ಹಣವು ಉಳಿಯಬೇಕೆಂದು ಸರಕಾರದ ಉದ್ದೇಶ. ಆಸೆಯು ತಗ್ಗಲಿಲ್ಲ, ತಗ್ಗಿದ್ದು ಅಕ್ಕಸಾಲಿಗರ ಅನ್ನ. ಜೀವ ಕಳೆದುಕೊಂಡವರ ಸುದ್ದಿಗಳೂ ಪತ್ರಿಕೆಗಳಲ್ಲಿ ಬಂದವು. ನಮ್ಮ ಪತ್ತಾರರ ತಂದೆಯವರು ಕುಲುಮೆಯನ್ನು ಆರಿಸಿ ಎರಡು ವರ್ಷ ಪರರ ಗದ್ದೆಯಲ್ಲಿ ಕೂಲಿ ಮಾಡಿದರೆಂದು ನನ್ನ ತಂದೆಯವರು ಹೇಳುತ್ತಿದ್ದರು. 14 ಕ್ಯಾರಟಿನ ಕಟ್ಟನ್ನು 1966ರಲ್ಲಿ ಸಡಿಲಿಸಿದರು. 1968ರಲ್ಲಿ ಬೇರೆ ಕಾಯದೆ ಬಂದು, 1990ರಲ್ಲಿ ಅದೂ ರದ್ದಾಯಿತು.

ಆ 1963ರ ಬೇಸಿಗೆಯಲ್ಲಿಯೇ ನನ್ನ ಚಿಕ್ಕತಾಯಿಯ ಮದುವೆ. ಅಜ್ಜನು ಹುಬ್ಬಳ್ಳಿಯ ಅಂಗಡಿಯೊಂದರಿಂದ ಅಳಿಯನಿಗಾಗಿ ಅರ್ಧ ತೊಲೆಯ ಉಂಗುರ ತಂದನು. ಕಾನೂನಿನಂತೆ 14 ಕ್ಯಾರಟಿನದು. ವರಪೂಜೆಯಲ್ಲಿ ಅದನ್ನು ಕಂಡ ಬೀಗರು, ಹಿತ್ತಾಳೆಯೋ ಏನೋ ಎಂದು ಒಬ್ಬರ ಮುಖ ಒಬ್ಬರು ನೋಡಿದರಂತೆ. ಅಜ್ಜನು ಚೀಟಿಯನ್ನು ತೋರಿಸಿ, ಸರಕಾರದ ಅಪ್ಪಣೆಯನ್ನು ವಿವರಿಸಿ, ಬೆವರಿದನಂತೆ. ಅಂದಿನಿಂದ ಆ ಉಂಗುರಕ್ಕೆ ನಮ್ಮ ಮನೆಯಲ್ಲಿ ‘ಸರಕಾರಿ ಬಂಗಾರ’ವೆಂದೇ ಹೆಸರು. ಚಿಕ್ಕಪ್ಪನು ಅದನ್ನು ಸಾಯುವವರೆಗೂ ತೊಟ್ಟನು. ಬಿತ್ತನೆಯ ಕಾಲದಲ್ಲಿ ಮನೆಯ ಬಳೆಗಳೂ ಸರವೂ ಎಷ್ಟೋ ಸಲ ಒತ್ತೆಗೆ ಹೋಗಿ ಬಂದವು; ಆ ಉಂಗುರವನ್ನು ಮಾತ್ರ ಒಯ್ದವರಿಲ್ಲ, ಒಯ್ದರೂ ಒರೆಗೆ ಹಚ್ಚಿ ತಲೆ ಅಲ್ಲಾಡಿಸಿಯಾರೆಂಬ ಅಂಜಿಕೆ. ಬಿಳಿಯ ಬಂಗಾರವನ್ನು ನೋಡಿ ಚಿಕ್ಕತಾಯಿ ಆಡಿದ ಮಾತಿನ ಹಿಂದೆ ಅರವತ್ತು ವರ್ಷಗಳ ಈ ಸಂಕೋಚವಿತ್ತೆಂದು ನನಗೆ ತಿಳಿದದ್ದು ಇತ್ತೀಚೆಗೆ.

ಈಗ ಕಣ್ಣಿನ ಪರೀಕ್ಷೆಯ ಸ್ಥಾನಕ್ಕೆ ಅಕ್ಷರಗಳು ಬಂದಿವೆ. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್‌ದಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 22 ಕ್ಯಾರಟಿಗೆ 916, 18ಕ್ಕೆ 750, 14ಕ್ಕೆ 585. ಜೊತೆಗೆ ಆರು ಅಕ್ಷರಾಂಕಗಳ ಗುರುತು. ಅಮರಸಿಂಹನ ಸಾಕ್ಷರ ಮುದ್ರೆಯು ಹೀಗೆ ಮತ್ತೆ ಉಂಗುರಕ್ಕೆ ಬಂದಿತು, ಒಡೆಯನ ಹೆಸರು ಮಾತ್ರ ಹೋಯಿತು. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಮ್ ಶುದ್ಧ ಬಂಗಾರದ ಬೆಲೆಯು ಲಕ್ಷ ರೂಪಾಯಿಯನ್ನು ಮುಟ್ಟಿತು. ಅದೇ ವರ್ಷ 9 ಕ್ಯಾರಟಿನ ಬಂಗಾರಕ್ಕೂ ಹಾಲ್‌ಮಾರ್ಕ್ ಸಂದಿತು. ಸರಕಾರವು ಅಂದು ಬಲಾತ್ಕಾರದಿಂದ 14ಕ್ಕೆ ಇಳಿಸಿದ್ದನ್ನು ಬೆಲೆಯು ಇಂದು ತಾನಾಗಿ 9ಕ್ಕೆ ಎಳೆಯುತ್ತಿದೆ. ಹಳದಿಯ ಬಣ್ಣವೇನೋ ತಿರುಗಿ ಬಂದಿದೆ. ಆದರೆ ಬೆಳ್ಳಿ ತಾಮ್ರಗಳನ್ನು ಹದವರಿತು ಕೂಡಿಸಿದರೆ ಕೀಳು ಬಂಗಾರವೂ ಹಳದಿಯಾಗಿಯೇ ಕಾಣುವದೆಂಬದನ್ನು ಕೊಳ್ಳುವವರು ಮರೆಯಬಾರದು.

ನಿಶ್ಚಿತಾರ್ಥಕ್ಕೆ ಎಂಟು ದಿವಸಗಳಿದ್ದಾಗ ಚಿಕ್ಕತಾಯಿಯವರು ಸರಕಾರಿ ಬಂಗಾರದ ಉಂಗುರವನ್ನು ತಂದು, ಹುಡುಗನಿಗೆ ಇದರಲ್ಲಿಯೇ ಮಾಡಿಸಿರೆಂದು ಹುಡುಗಿಯ ಕೈಗೆ ಕೊಟ್ಟರು. ಅರ್ಧ ತೊಲೆಯೆಂದರೆ 5.83 ಗ್ರಾಮ್, 14 ಕ್ಯಾರಟಿನ ಲೆಕ್ಕಕ್ಕೆ ಅದರಲ್ಲಿ ಶುದ್ಧ ಬಂಗಾರ 3.4 ಗ್ರಾಮ್, 22 ಕ್ಯಾರಟಿಗೆ ಏರಿಸಿದರೆ 3.7 ಗ್ರಾಮಿನ ಉಂಗುರ. ಪತ್ತಾರರು ಅದನ್ನು ಶೋಧಿಸಿ, ನಾವು ಕೊಟ್ಟ ಒಂದು ಚೂರನ್ನು ಕೂಡಿಸಿ, ನಾಲ್ಕು ಗ್ರಾಮಿನ ಸಾದಾ ಉಂಗುರವನ್ನು ಮಾಡಿಕೊಟ್ಟರು. ಹುಡುಗಿಗಾಗಿ ಬೀಗರು ತಂದ ಉಂಗುರವು ಹುಬ್ಬಳ್ಳಿಯದು, ಹಳದಿಯದೇ, ಮುದ್ರೆಯುಳ್ಳದ್ದು.

ಸಭೆಯಲ್ಲಿ ಹುಡುಗನ ತಂದೆಯವರು ನಮ್ಮ ಉಂಗುರವನ್ನು ಕೈಯಲ್ಲಿ ತಿರುಗಿಸಿ ನೋಡಿ, ಮುದ್ರೆ ಎಲ್ಲಿದೆಯೆಂದು ಮೆಲ್ಲಗೆ ಕೇಳಿದರು. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗಿನ ವ್ಯಾಪಾರದವರಿಗೆ ಮುದ್ರೆಯು ಕಡ್ಡಾಯವಲ್ಲವೆಂದೂ, ಬೇಕಾದರೆ ಪರೀಕ್ಷಾ ಕೇಂದ್ರದಲ್ಲಿ ತೋರಿಸಬಹುದೆಂದೂ ನಾನು ಹೇಳತೊಡಗಿದೆನು. ಅರವತ್ತು ವರ್ಷಗಳ ಹಿಂದೆ ಅಜ್ಜನು ಬೆವರಿದಂತೆ ನಾನೂ ಬೆವರುತ್ತಿದ್ದೆನೆಂದು ಕಾಣುತ್ತದೆ. ಅಷ್ಟರಲ್ಲಿ ಬಾಗಿಲ ಬಳಿ ಕುಳಿತಿದ್ದ ಪತ್ತಾರರು ಎದ್ದು ಬಂದು, ಅಂಗಿಯ ಕಿಸೆಯಿಂದ ಒರೆಗಲ್ಲನ್ನು ತೆಗೆದು, ಬೀಗರು ತಂದ ಉಂಗುರವನ್ನು ಒಮ್ಮೆ, ನಮ್ಮದನ್ನು ಒಮ್ಮೆ, ಮಗ್ಗುಲಮಗ್ಗುಲಿಗೆ ಎಳೆದು ತೋರಿಸಿದರು. ಕರಿಯ ಕಲ್ಲಿನ ಮೇಲೆ ಎರಡು ಗೆರೆಗಳು ಬಿದ್ದವು. ಬೀಗರು ಕನ್ನಡಕವನ್ನು ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಲ್ಲನ್ನು ಚಿಕ್ಕತಾಯಿಯ ಕಡೆಗೆ ಚಾಚಿ, “ನೀವೂ ನೋಡ್ರಿ, ಅವ್ವಾರ, ಯಾವುದು ಯಾರದು ಅಂತ ನನಗರ ತಿಳೀವಲ್ದು” ಎಂದರು.